ಕೋವಿ ಹಿಡಿದು ಬಂದ ವರ

ನನ್ನನ್ನು ನೋಡಲು ಉಮ್ಮಚಗಿಯಿಂದ ಬಂದ ಹುಡುಗ ಕೋವಿ ಹಿಡಿದುಕೊಂಡೇ ಬಂದಿದ್ದ. ಸುಳ್ಳಲ್ಲ ಮಾರಾಯ್ರೇ! ಚುನಾವಣೆ ಬಂದಿತ್ತು, ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಿತ್ತು. ಹೇಗೂ ಯಲ್ಲಾಪುರದ ಮೇಲೇ ಹೋಗುವುದು, ಎರಡೂ ಕೆಲಸ ಮುಗಿಸೋಣ ಎಂದು ಹೊರಟರೆ ಠಾಣೆಯ ಮುಂದೆ ಉದ್ದ ಸಾಲು. ಹೆಣ್ಣು ನೋಡುವ ಹೊತ್ತು ಮೀರುತ್ತದೆಂದು ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ನಂದೊಳ್ಳಿಯ ನಮ್ಮ ಜಗಲಿಗೇ ತಂದುಬಿಟ್ಟಿದ್ದ.

"ಶುಭಕಾರ್ಯಕ್ಕೆ ಇದೆಂತ ಅಪಶಕುನವೇ! ಚಾ ಕೊಟ್ಟು ಕಳ್ಸಿಬಿಡಿ" ಎಂದು ದೊಡ್ಡಮ್ಮ ಒಳಗೆ ಸಿಡಿದಳು. ನಮ್ಮ ಮನೆಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ. ಆದರೆ ಕೋವಿಯನ್ನು ಎಲ್ಲಿಡುವುದೆಂದು ತಿಳಿಯದೆ ಕೂಸಿನಂತೆ ಎತ್ತಿಕೊಂಡು ನಿಂತಿದ್ದ ಅವನ ಪೆಚ್ಚುಮುಖ ಕಂಡಕೂಡಲೇ ನನಗೆ ಹಿಡಿಸಿಹೋಗಿತ್ತು. ಐದು ನಿಮಿಷ ಮಾತಾಡ್ತೇವೆ ಎಂದು ಅಪ್ಪನನ್ನು ಕೇಳಿ ಹಿತ್ತಲಿಗೆ ಕರೆದೊಯ್ದೆ.

ಕರೆದೊಯ್ದವಳು ಗಾಬರಿಯಲ್ಲಿ, ಹಿಂದಿನ ವಾರ ಮೊಬೈಲಿನಲ್ಲಿ ನೋಡಿದ್ದ ಹಳೇ ಇಟಲಿ ಕೌಬಾಯ್ ಸಿನಿಮಾದ ಕಥೆ ಶುರುಮಾಡಿದೆ. ಯಾರೂ ಹೆಸರು ಕೇಳದ ಸಿನಿಮಾ. ಅರ್ಧ ಗುಂಡು, ಅರ್ಧ ಪ್ರೀತಿ. ಹತ್ತು ಜನರನ್ನು ಒಬ್ಬನೇ ಉರುಳಿಸುವ ನಾಯಕ, ರೊಟ್ಟಿ ಸುಟ್ಟು ಮಾರುವ ಹೆಂಗಸಿನ ಮುಂದೆ ಮಾತ್ರ ತೊದಲುತ್ತಾನೆ. ಕೊನೆಗೆ ಅವಳು "ನಾನು ಬೇಕೋ, ಬಂದೂಕು ಬೇಕೋ?" ಎಂದಾಗ ಬಂದೂಕನ್ನು ಹೊಳೆಗೆ ಎಸೆದುಬಿಡುತ್ತಾನೆ. ನಾನಂತೂ ಗೊಳೋ ಎಂದು ಅತ್ತಿದ್ದೆ.

"ನೀವಾದ್ರೆ ಎಂತ ಮಾಡ್ತಿದ್ರಿ?" ಎಂದೆ.

ಅವನು ನಿಜಕ್ಕೂ ಯೋಚನೆಗೆ ಬಿದ್ದ.

"ಹೊಳೆಗಾ? ಲೈಸೆನ್ಸಿನ ಕೋವಿ ಹಾಗೆಲ್ಲ ಎಸೀಲಿಕ್ಕೆ ಬರೂದಿಲ್ಲ. ಠಾಣೆಯಲ್ಲಿ ಕೇಳಿದ್ರೆ ಎಂತ ಹೇಳೂದು?"

ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ಅವನು ನೆಲ ನೋಡುತ್ತ ಮೆಲ್ಲಗೆ ಹೇಳಿದ: "ಗದ್ದೆಗೆ ಹಂದಿ ಕಾಟ ಉಂಟು. ಆದ್ರೂ ನಿಮಗೆ ಬೇಡ ಅಂದ್ರೆ, ಇವತ್ತು ಠಾಣೆಗೆ ಒಪ್ಪಿಸಿದ್ಮೇಲೆ ಮತ್ತೆ ವಾಪಸ್ ತರೂದಿಲ್ಲ, ಬಿಡಿ."

ನನ್ನ ನಗು ಅಲ್ಲೇ ನಿಂತಿತು. ಸಿನಿಮಾಕ್ಕಿಂತ ಹೆಚ್ಚು ಅಳು ಬಂತು, ಅದೂ ಖುಷಿಗೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ಧಡಕ್ಕನೆ ತೆರೆಯಿತು. ದೊಡ್ಡಮ್ಮ ಎಲ್ಲವನ್ನೂ ಕದ್ದು ಕೇಳಿದ್ದಳು!

"ಬೆಳೆದ ಭತ್ತ ಹಂದಿ ಬಾಯಿಗೆ ಹೋಗ್ಲಾ? ಕೋವಿ ಇರ್ಲಿ ಮಾರಾಯ" ಎಂದವಳು ಕಣ್ಣೊರೆಸಿಕೊಂಡಳು, "ನಮ್ಮ ಹುಡುಗಿಯೂ ನಿನಗೇ ಇರ್ಲಿ."