ಮಕ್ಕಳು ಪಾಠ ಮಾಡಿದ ಶನಿವಾರ

ಸಿರುಗುಪ್ಪದ ನಮ್ಮ ಸರಕಾರಿ ಶಾಲೆಗೆ ಶನಿವಾರ ಮಕ್ಕಳು ಪುಸ್ತಕದ ಚೀಲ ತರುವುದಿಲ್ಲ. ಅವತ್ತು ಏನೇನು ಚಟುವಟಿಕೆ ಇರಬೇಕೆಂದು ಗೊತ್ತುಮಾಡುವ ಕೆಲಸ ನನ್ನದು. ಬಳ್ಳಾರಿಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಕಾಗದದ ಹೂವು, ರಸಪ್ರಶ್ನೆ, ಥರ್ಮಾಕೋಲಿನ ಜ್ವಾಲಾಮುಖಿ, ಎಲ್ಲ ಆಗಿತ್ತು. ಫೋಟೋಗಳಂತೂ ಚೆನ್ನಾಗಿ ಬರುತ್ತಿದ್ದವು.

ಒಂದು ದಿನ ಏಳನೆಯ ತರಗತಿಯವರನ್ನು ಬೇವಿನ ಮರದಡಿ ಕೂರಿಸಿ, “ಇಲ್ಲಿತನಕ ಮಾಡಿದ್ದರಾಗ ಯಾವುದು ಚಲೋ ಇತ್ತು, ಯಾವುದು ಬ್ಯಾಸರಾತು, ಹೇಳ್ರಿ” ಎಂದೆ.

“ಎಲ್ಲಾ ಚಲೋ ಇತ್ರೀ” ಎಂದು ಎಲ್ಲರೂ ರಾಗ ಎಳೆದರು. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು.

“ಯಾವಾಗಲೂ ನೀವ ಕಲಸ್ತೀರಿ ಟೀಚರ್. ಒಂದ್ ಸಲ ನಾವು ನಿಮಗ ಕಲಸ್ತೀವ್ರಿ. ನಿಮಗ ಸೈಕಲ್ ಬರ್ತೈತೇನ್ರಿ?”

ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲಿನ ಹಿಂದೆ ಕೂತದ್ದಷ್ಟೇ ನನಗೆ ಗೊತ್ತು.

ಮುಂದಿನ ಶನಿವಾರದ ಯೋಜನೆಯೆಲ್ಲ ಮಕ್ಕಳದೇ ಆಯಿತು. ಹೆಡ್‌ಮಾಸ್ತರರಿಗೆ ರೊಟ್ಟಿ ಬಡಿಯುವುದು, ನನಗೆ ಸೈಕಲ್ಲು.

ಹೆಡ್‌ಮಾಸ್ತರರು ಚಕ್ಕಳಮಕ್ಕಳ ಹಾಕಿ ಕೂತು ಹಿಟ್ಟಿಗೆ ಕೈಹಾಕಿದರು. “ಸರ್, ಮೊದಲ ತೋಳು ಮಡಚ್ರಿ!” ಎಂದು ಐದನೆಯ ತರಗತಿಯ ಹುಡುಗಿ ಗದರಿದಳು. ಅವರು ಪಾಪ, ಮಡಚಿದರು.

ಅತ್ತ ಮೈದಾನದಲ್ಲಿ ನಾನು ಸೀರೆಯ ನೆರಿಗೆ ಸಿಕ್ಕಿಸಿ ಸೈಕಲ್ ಹತ್ತಿದೆ. ಇಬ್ಬರು ಹುಡುಗಿಯರು ಹಿಂದೆ ಹಿಡಿದುಕೊಂಡಿದ್ದರು. “ಕೆಳಗ ನೋಡಬ್ಯಾಡ್ರಿ, ಮುಂದ ನೋಡ್ರಿ!” ಬಿದ್ದೆ, ಎದ್ದೆ, ಮತ್ತೆ ಹತ್ತಿದೆ. ಸ್ವಲ್ಪ ಹೊತ್ತಿಗೆ ಶಾಲೆಯೆಲ್ಲ ಕೇಕೆ ಹಾಕಿತು. ತಿರುಗಿ ನೋಡಿದರೆ ಹುಡುಗಿಯರು ದೂರದಲ್ಲಿ ಚಪ್ಪಾಳೆ ತಟ್ಟುತ್ತಿದ್ದಾರೆ! ಬ್ರೇಕು ಹಿಡಿಯಬೇಕೆಂಬುದೇ ಮರೆತುಹೋಗಿ, ಮರಳಿನ ಗುಡ್ಡೆಗೆ ನುಗ್ಗಿ ನಿಂತೆ. ನಗು ತಡೆಯಲಾಗಲಿಲ್ಲ.

ಕೊನೆಗೆ ಮಕ್ಕಳೇ ನಮ್ಮನ್ನು ಸಾಲಾಗಿ ಕೂರಿಸಿ ತೀರ್ಪು ಕೊಟ್ಟರು. “ಸರ್ ಮಾಡಿದ ರೊಟ್ಟಿ ಕರ್ನಾಟಕದ ನಕಾಶೆ ಆಗೈತಿ, ಆದ್ರ ರುಚಿ ಐತಿ. ಟೀಚರ್ ಬಿದ್ರೂ ಅಳಲಿಲ್ಲ.”

ಕುರುಗೋಡಿನಲ್ಲಿ ಶಿಕ್ಷಕರ ಸಭೆ ಸೇರಿದಾಗ ಇದನ್ನೇ ಹೇಳಿದೆ. ಎಲ್ಲರೂ ನಕ್ಕರು. ನಿವೃತ್ತಿಗೆ ಹತ್ತಿರವಿದ್ದ, ಧಾರವಾಡದ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ಮಾತ್ರ ಗಂಭೀರವಾಗಿ, “ನಮ್ಮ ಸಾಲ್ಯಾಗ ಅರ್ಧ ಹುಡುಗ್ರ ಮನಿ ಮಾತು ತೆಲುಗು. ನನಗ ಒಂದಕ್ಷರ ಬರಂಗಿಲ್ಲ. ಅವರ ಕೈಲೆ ಕಲೀತೀನಿ” ಎಂದರು.

ಮುಂದೊಂದು ಶನಿವಾರ ಅವರದೇ ಫೋನು. “ಬಾಗುನ್ನಾರಾ ಅಂಡೀ?” ಎಂದು ತೆಲುಗಿನಲ್ಲಿ ತಡವರಿಸುತ್ತ ಕ್ಷೇಮ ಕೇಳಿದರು. ಹಿಂದಿನಿಂದ ಹತ್ತಾರು ಮಕ್ಕಳು, “ಹಂಗಲ್ರೀ ಟೀಚರ್, ಹಿಂಗ!” ಎಂದು ಒಟ್ಟಿಗೆ ಕೂಗಿದರು.