ಯಾದಗಿರಿ ಸ್ಟೇಷನ್ನಿನಲ್ಲಿ ತೆಗೆದ ಚಿತ್ರ

ನನ್ನ ತಂಗಿಯನ್ನು ಬೆಟ್ಟದ ಥಂಡಿ ತಿಂದಿತು, ಆ ಬೆಟ್ಟಕ್ಕೆ ಹೋಗೋಣವೆಂದು ಹಟ ಹಿಡಿದವಳು ನಮ್ಮ ಅವ್ವ: ಈ ಮಾತು ನಮ್ಮ ಬಳಗದಲ್ಲಿ ಸತ್ಯವೆಂದೇ ನಡೆದುಬಂದಿದೆ. ಅಪ್ಪನಿಗೆ ಸುರಪುರದ ಕಚೇರಿಯೊಂದರಲ್ಲಿ ಸಣ್ಣ ನೌಕರಿ. ಪ್ರವಾಸದ ರಜೆ ಮಂಜೂರಾದಾಗ ಅವ್ವನನ್ನೂ ಪುಟ್ಟ ತಂಗಿಯನ್ನೂ ಕರೆದುಕೊಂಡು ಕೇರಳದ ಮುನ್ನಾರಿನ ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದರು. ಆ ಬೆಟ್ಟಕ್ಕೆ ಉದ್ಯಾನವೆಂಬ ಹೆಸರು ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಶಾಲೆ ಬಿಟ್ಟು ಶಹಾಪುರದ ಕಿರಾಣಿ ಅಂಗಡಿಯಲ್ಲಿದ್ದ ನಾನು ಹೋಗಲಿಲ್ಲ. ಮರಳಿ ಬಂದ ಕೆಲವೇ ದಿನಗಳಲ್ಲಿ ತಂಗಿ ತೀರಿಕೊಂಡಳು. ಆಮೇಲೆ ಬಳಗದ ಯಾವ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಅದನ್ನು ಅವ್ವನ ಕೈಗೆ ಕೊಡಲಿಲ್ಲ. ಅವಳು ಬಾಗಿಲ ಬದಿಗೆ ಕುಳಿತು ಹಾಡು ಕೇಳಿ ಎದ್ದು ಬರುತ್ತಿದ್ದಳು. ಸಾಯುವವರೆಗೂ ಹಾಗೆಯೇ.

ಎಲ್ಲರೂ ಹೇಳುತ್ತಾರೆಂಬುದು ನನಗೆ ಎಂದೂ ಪುರಾವೆಯಾಗಿಲ್ಲ. ಕಳೆದ ಬೇಸಿಗೆಯಲ್ಲಿ ಆ ಪ್ರವಾಸದ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡತೊಡಗಿದೆ. ಮಂಜು, ಹುಲ್ಲುಗುಡ್ಡ, ಮನುಷ್ಯರಿಗೆ ಅಂಜದ ಕಾಡುಮೇಕೆಗಳು, ಉದ್ದ ತೋಳಿನ ಸ್ವೆಟರಿನಲ್ಲಿ ತಂಗಿ. ಎಲ್ಲರೂ ನೋಡಿದ್ದು ಇವನ್ನೇ. ಹೊರಡುವ ದಿನ ಯಾದಗಿರಿ ಸ್ಟೇಷನ್ನಿನಲ್ಲಿ ತೆಗೆದ ಚಿತ್ರದಲ್ಲಿ ಮಾತ್ರ ಅವಳು ಗಿಡ್ಡ ತೋಳಿನ ಲಂಗದಂಗಿಯಲ್ಲಿ ಟ್ರಂಕಿನ ಮೇಲೆ ಕುಳಿತಿದ್ದಳು. ಎಡ ರಟ್ಟೆಗೆ ಕಪ್ಪು ದಾರ.

ನಮ್ಮ ಕಡೆ ಮಕ್ಕಳ ಜ್ವರ ಇಳಿಯದಿದ್ದರೆ ದರ್ಗಾದಿಂದ ಓದಿಸಿ ತಂದ ದಾರವನ್ನು ರಟ್ಟೆಗೆ ಕಟ್ಟುತ್ತಾರೆ. ಜ್ವರ ಬಿಟ್ಟೊಡನೆ ಬಿಚ್ಚಿ ಹಳ್ಳಕ್ಕೆ ಬಿಡುತ್ತಾರೆ. ಸುಮ್ಮನೆ ಯಾರೂ ಕಟ್ಟುವುದಿಲ್ಲ.

ಚಿತ್ರ ತೆಗೆದುಕೊಂಡು ರಂಗಂಪೇಟೆಗೆ, ಅಪ್ಪನ ತಂಗಿಯ ಮನೆಗೆ ಹೋದೆ. ಆ ಕಾಲದವರಲ್ಲಿ ಉಳಿದವಳು ಅತ್ತೆಯೊಬ್ಬಳೇ.

“ಈ ದಾರ ಯಾರು ಕಟ್ಟಿದ್ರಿ, ಅತ್ತಿ?”

“ನನಗ ಕಣ್ಣ ಕಾಣಂಗಿಲ್ಲ. ನೀ ವಕೀಲ ಆಗಬೇಕಿತ್ತು, ಬ್ಯಾಳಿ ತೂಗಿ ಹಾಳಾದಿ.”

“ನಿನ್ನೆ ಸೀರಿ ಅಂಚಿನಾಗ ಒಂದು ಎಳಿ ಹರದದ ಅಂತ ಅಂಗಡ್ಯಾವನ ಕೂಡ ಜಗಳಾಡೀರಂತ?”

ಒಳಗಿದ್ದ ಅತ್ತೆಯ ಸೊಸೆ ಕಿಸಕ್ಕನೆ ನಕ್ಕಳು. ಅತ್ತೆ ನಗಲಿಲ್ಲ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ದಾರದ ಮೇಲೆ ಬೆರಳಿಟ್ಟಳು.

“ನಾನೇ ಕಟ್ಟಿದ್ದೆ, ತಮ್ಮಾ. ಹೊಂಡೋ ದಿನ ಕೂಸಿನ ಮೈ ಸುಡಾಕತ್ತಿತ್ತು. ನಿಮ್ಮವ್ವ ಬ್ಯಾಡಂದ್ಲು. ಸಿಕ್ಕ ರಜಾ ಮತ್ತ ಸಿಗಂಗಿಲ್ಲ, ದಾರ ಕಟ್ಟೇವಿ, ದಾರ್ಯಾಗ ಇಳೀತದ ಅಂದ ನಮ್ಮಣ್ಣ.”

“ಮತ್ತ ಅವ್ವನ ಹೆಸರ್ಯಾಕ ಹೇಳಿದ್ರಿ?”

“ಕೂಸಿಗೆ ಮಣ್ಣು ಕೊಟ್ಟು ಬಂದ ಮ್ಯಾಲ ನಿಮ್ಮಪ್ಪ ಅನ್ನ ಮುಟ್ಟಲಿಲ್ಲ. ಬಾವಿ ಕಟ್ಟಿ ಮ್ಯಾಲ ಹೋಗಿ ಕುಂಡರತಿದ್ದ. ನಮಗ ಅಂಜಿಕಿ ಆತು. ನಿಮ್ಮಜ್ಜಿ ಒಂದಿನ ಮಂದಿ ಮುಂದ, ಇಕೀ ಹಟದಿಂದ ಹೋಯ್ತು ಕೂಸು ಅಂದ್ಲು. ನಿಮ್ಮವ್ವ ಗಂಡನ ಮಾರಿ ನೋಡಿ ತಲಿ ತಗ್ಗಿಸಿದ್ಲು. ಅವತ್ತ ಆತ ಉಂಡ.”

ಪುರಾವೆ ನನ್ನ ಕೈಯಲ್ಲೇ ಇತ್ತು. ಆದರೆ ಆ ಸುಳ್ಳನ್ನು ಅವ್ವ ತಾನಾಗಿಯೇ ಹೊತ್ತುಕೊಂಡಿದ್ದಳೆಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಅದೇ ತುತ್ತನ್ನು ತಿಂದು ಅಪ್ಪ ಮುಪ್ಪಿನವರೆಗೆ ಬದುಕಿದರು. ಅವರು ಹೋದ ಮೇಲಾದರೂ ಆ ಭಾರವನ್ನು ಯಾರಾದರೂ ಇಳಿಸಬಹುದಿತ್ತು.

ಚಹಾ ತಂದ ಸೊಸೆ ಕದದ ಹತ್ತಿರವೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಅತ್ತಿ, ನಿಮ್ಮಣ್ಣ ತೀರಿದ ಮ್ಯಾಲರೆ ಆಕಿ ಕೈಯಾಗ ಒಂದು ಕೂಸು ಕೊಡಬೇಕಿತ್ತಿಲ್ರಿ?”

“ಆಕಿ ಎಂದೂ ಕೇಳಲಿಲ್ಲ, ಯವ್ವಾ,” ಎಂದು ಅತ್ತೆ ಗೋಡೆಯ ಕಡೆ ಹೊರಳಿದಳು.

ನಾನು ಚಹಾ ಮುಟ್ಟದೆ ಕುಳಿತಿದ್ದೆ. ಅತ್ತೆಯ ಆ ಮಾತನ್ನು ಸುಳ್ಳೆನ್ನಲು, ಅವ್ವ ಕೂಸಿಗೆ ಕೈಚಾಚಿದ ನೆನಪೊಂದನ್ನು ಬಹಳ ಹುಡುಕಿದೆ, ಸಿಗಲಿಲ್ಲ.