ನಾನು ರುಚಿ ನೋಡದ ಗೇರುಹಣ್ಣಿನ ವೈನ್

2017ರ ಏಪ್ರಿಲ್ 12, ಬುಧವಾರ. ಅಂದು ನಾನು ಉಪವಾಸವಿದ್ದೆನೆಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಆ ವರ್ಷದ ಮಸೀದಿಯ ಕ್ಯಾಲೆಂಡರನ್ನು ತೆಗೆದು ನೋಡಿದೆ: ರಂಜಾನ್ ಆರಂಭವಾದದ್ದು ಮೇ ತಿಂಗಳ ಕೊನೆಯಲ್ಲಿ. ಆದ್ದರಿಂದ ಉಪವಾಸವನ್ನು ಕಾರಣವಾಗಿ ಮುಂದಿಡುವ ಅನುಕೂಲ ನನಗೆ ಅಂದು ಇರಲಿಲ್ಲ.

ಕಡಬದ ಸಮೀಪದ ಖಾಸಗಿ ಹಣ್ಣು ಸಂಸ್ಕರಣಾ ಘಟಕವೊಂದರಲ್ಲಿ ನಾನು ಹಿರಿಯ ಸಂಶೋಧಕನಾಗಿದ್ದೆ. ಬೀಜ ಕಿತ್ತ ಮೇಲೆ ಗುಡ್ಡೆಗಳಲ್ಲಿ ಕೊಳೆಯುವ ಗೇರುಹಣ್ಣಿನ ರಸದಿಂದ ಗಂಟಲು ಹಿಡಿಯುವ ಒಗರನ್ನು ತೆಗೆಯುವ ವಿಧಾನವೊಂದನ್ನು ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ್ದೆ. ಮಕ್ಕಳೂ ಕುಡಿಯಬಹುದಾದ ಶರಬತ್ತು ನನ್ನ ಉದ್ದೇಶವಾಗಿತ್ತು. ಆದರೆ ಮಾಲಕರು ಅದೇ ರಸವನ್ನು ಹುದುಗಿಸಿ ವೈನ್ ಮಾಡಲು ನಿರ್ಧರಿಸಿದರು. ಹೊಸ ವಿಭಾಗಕ್ಕೆ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡುವುದಾಗಿಯೂ ಮೊದಲ ರುಚಿ ಪರೀಕ್ಷೆಯನ್ನು ನಾನೇ ಆರಂಭಿಸಬೇಕೆಂದೂ ಅಂದು ಬೆಳಿಗ್ಗೆ ತಿಳಿಸಿದರು.

ಮೇಜಿನ ಮೇಲೆ ಲೋಟಗಳನ್ನು ಜೋಡಿಸಿದ್ದರು. ನಾನು ಕೈ ಚಾಚಲಿಲ್ಲ.

“ಎಂತ ಡಾಕ್ಟ್ರೆ, ನಿಮ್ಮದೇ ಮಗುವಿನ ನಾಮಕರಣ, ನೀವೇ ದೂರ ನಿಂತ್ರೆ ಹೇಗೆ?” ಎಂದರು ವ್ಯವಸ್ಥಾಪಕ ಪದ್ಮಯ್ಯ ಗೌಡರು. ಸುಳ್ಯ ಕಡೆಯವರು, ನನ್ನ ಹಳೆಯ ಸ್ನೇಹಿತರು.

“ರಸ ನನ್ನದೇ ಗೌಡ್ರೆ. ಅಮಲು ಬಂದ ಮೇಲೆ ಅದು ನನಗೆ ಹರಾಂ.”

“ಕುಡಿಯುದು ಎಲ್ಲಿ ಉಂಟು ಮಾರಾಯ್ರೆ? ಬಾಯಿಗೆ ಹಾಕುದು, ಉಗುಳುದು. ಹೊಟ್ಟೆಗೆ ಹೋಗುದೇ ಇಲ್ಲ!”

“ಬಾಯಿಯೂ ನನ್ನದೇ ಅಲ್ವಾ?”

ಸುತ್ತಲಿದ್ದವರು ನಕ್ಕರು, ಗೌಡರು ನಗಲಿಲ್ಲ. ನನ್ನನ್ನು ಕಿಟಕಿಯ ಬಳಿಗೆ ಕರೆದೊಯ್ದು ದನಿ ತಗ್ಗಿಸಿದರು. “ಮಾಲಕರು ಒಳಗೆ ಕಾಯ್ತಾ ಇದ್ದಾರೆ. ಈಗ ಬಿಟ್ರೆ ಆ ಕುರ್ಚಿ ಮತ್ತೆ ಸಿಕ್ಕುದಿಲ್ಲ. ಒಂದು ಗುಟುಕಿಗೆ ಇಷ್ಟು ಹಟವಾ?”

“ಹಟ ಅಂತಲೇ ಹೇಳಿ. ಆದ್ರೆ ನನ್ನಿಂದ ಆಗುದಿಲ್ಲ.”

ರುಚಿ ನೋಡುವುದಷ್ಟೇ ಅಲ್ಲ, ಆ ವಿಭಾಗವೇ ನನಗೆ ಬೇಡವೆಂದು ಮಾಲಕರಿಗೂ ಸ್ಪಷ್ಟವಾಗಿ ತಿಳಿಸಿ ಹೊರಬಂದೆ.

ಮುಂದಿನ ವಾರ ನನ್ನನ್ನು ಉಪ್ಪಿನಕಾಯಿ ವಿಭಾಗಕ್ಕೆ ಕಳುಹಿಸಿದರು. ನನ್ನ ಕೈಕೆಳಗೆ ಕಲಿತವರೊಬ್ಬರು ಮುಖ್ಯಸ್ಥರಾದರು. “ಒಳ್ಳೇದೇ ಆಯ್ತು, ಉಪ್ಪಿನಕಾಯಿಯಾದ್ರೆ ಮನೆಗೂ ತರಬಹುದು” ಎಂದು ಪತ್ನಿ ನಫೀಸಾ ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ. ನನ್ನದೇ ವಿಧಾನದ ಮೇಲೆ ಕೆಲಸ ಮುಂದುವರಿಸುವ ಅವಕಾಶ ನಿವೃತ್ತಿಯವರೆಗೂ ದೊರೆಯಲಿಲ್ಲ. ಆ ನೋವು ಇಂದಿಗೂ ಇದೆ. ಪಶ್ಚಾತ್ತಾಪ ಮಾತ್ರ ಇಲ್ಲ. ನಾಳೆ ಅದೇ ಮೇಜಿನ ಮುಂದೆ ನಿಲ್ಲಿಸಿದರೂ ಅದೇ ಉತ್ತರ ಕೊಡುತ್ತೇನೆ.

ಈ ಬರಹಕ್ಕಾಗಿ ದಿನಾಂಕಗಳನ್ನು ತಾಳೆ ನೋಡುವಾಗ ಕಂಪೆನಿಯ ಆ ವರ್ಷದ ಮುದ್ರಿತ ವರದಿಯೂ ದೊರೆಯಿತು. ದಿನಾಂಕ ಸರಿಯಾಗಿಯೇ ಇದೆ. ವರದಿಯ ಪ್ರಕಾರ ಅಂದು ವೈನಿನ ರುಚಿ ನೋಡಿದವರು ಐವರು. ಮೊದಲನೆಯ ಹೆಸರು ನನ್ನದು. ನನ್ನ ಅಭಿಪ್ರಾಯ, ‘ಅತ್ಯುತ್ತಮ’.